ಅಂಗೈ ಮೇಲಿನ ಹೊಟ್ಟು

ಚಿಗಟೇರಿ
19-6-2023

ನನ್ನವ್ವ ಕೋಮಲಾ,

ನಿನ್ನಪ್ಪನಿಗೆ ಕಾಗದ ಬರೆದು ರೂಢಿ ಇಲ್ಲ. ಸಾಲಿ ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಅಕ್ಷರ ದನ ತುಳಿದ ಹಾಗಿದ್ದರೆ ನಗಬೇಡ. ಬರೆದಾದ ಮೇಲೆ ಹೊಳೆಯಿತು, ನಿನಗೆ ನಗುವಿನ ಮಾತು ಬರೆಯಬಾರದಿತ್ತು. ಕಾಟು ಹಾಕಿದರೆ ಇನ್ನೂ ಎದ್ದು ಕಾಣುತ್ತದೆ, ಇರಲಿ ಬಿಡು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಣ್ಣ ಕ್ರಾಂತಿಕುಮಾರನನ್ನು ಕೇಳಿದರೆ "ದಾವಣಗೆರಿಯಾಗ ಅದಾಳ, ಆರಾಮ ಅದಾಳ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಬಹಳ ಬೇಡಿಕೊಂಡ ಮೇಲೆ ಈ ವಿಳಾಸ ಕೊಟ್ಟ. ಹರಪನಹಳ್ಳಿಯಲ್ಲಿ ಒಂದನೇ ತರಗತಿಗೆ ಟೀಚರ್ ಆಗಿದ್ದವಳು ಅದನ್ನೂ ಬಿಟ್ಟು ಹೋದೆ. ನನಗೆ ಒಂದು ಮಾತು ಹೇಳಲಿಲ್ಲ. ನಿನ್ನ ಬಲಗೆನ್ನೆ ಜೋತುಬಿದ್ದು ಎರಡು ವರ್ಷವಾಯಿತು, ಅದಕ್ಕೆ ಅಪ್ಪನೇ ಕಾರಣ ಎಂದು ಕ್ರಾಂತಿಯ ಮುಂದೆ ಅಂದೆಯಂತೆ.

ಯವ್ವಾ, ಬಾಯಿ ಸೊಟ್ಟಗಾದವರಿಗೆ ಊರಿಗೆಲ್ಲ ಕೊಡುವ ಔಷಧವನ್ನೇ ನಿನಗೂ ಕೊಟ್ಟೆ. ಎಲ್ಲರ ಕಿವಿಗೆ ಎರಡು ಹನಿ ಸೊಪ್ಪಿನ ರಸ ಬಿಟ್ಟರೆ ನಿನಗೆ ಮೂರು ಬಿಟ್ಟೆ. ಇಪ್ಪತ್ತೊಂದು ದಿನದ ಪಥ್ಯ ಎಲ್ಲರಿಗೂ ಒಂದೇ: ಬದನೆಕಾಯಿ ಇಲ್ಲ, ಮೊಸರಿಲ್ಲ, ಇಂಗ್ಲಿಷ್ ಔಷಧ ಇಲ್ಲ. ನೀನು ಹದಿನೆಂಟನೇ ದಿನ ಗೆಳತಿಯ ಸೀಮಂತಕ್ಕೆ ಹೋಗಿ ಬದನೆಕಾಯಿ ಪಲ್ಯ ತಿಂದದ್ದು ನನಗೆ ಆಮೇಲೆ ಗೊತ್ತಾಯಿತು. ಕಡೆಯ ದಿನ ಬಾಯಿ ನೆಟ್ಟಗಾಯಿತೇ ಎಂದು ನೋಡಲು ಅಂಗೈ ಮೇಲೆ ನವಣೆ ಹೊಟ್ಟು ಇಟ್ಟು ಊದು ಅಂದಾಗ ಒಂದು ಚೂರೂ ಹಾರಲಿಲ್ಲ. ಇನ್ನೊಂದು ಇಪ್ಪತ್ತೊಂದು ದಿನ ಕೊಟ್ಟೆ, ಆಗಲೂ ಇಲ್ಲ. ಮೂರನೇ ಸಲವೂ ಇಲ್ಲ. ನಮ್ಮ ಅಂಗಳದಲ್ಲಿ ನೂರಾರು ಮಂದಿ ಹೊಟ್ಟು ಹಾರಿಸಿ ನಗುತ್ತಾ ಹೋಗಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಿನ್ನ ಪಾಲಿಗೆ ಅದು ಖರೆ ಆಯಿತು.

ನಿಮ್ಮವ್ವ ಇದ್ದಿದ್ದರೆ ನಮ್ಮಿಬ್ಬರಿಗೂ ಬೈದು ಒಂದು ತಾಟಿನಲ್ಲಿ ಉಣ್ಣಿಸುತ್ತಿದ್ದಳು. ಬಾ, ಒಮ್ಮೆ ಬಂದು ಹೋಗು.

ಇಂತಿ ನಿನ್ನಪ್ಪ,
ಕೊಟ್ರಬಸಪ್ಪ


ದಾವಣಗೆರೆ
11-7-2023

ಅಪ್ಪಾ,

ಫೋನ್ ಎತ್ತಿ ಏನು ಮಾಡಲಿ? ನನ್ನ ತುಟಿ ಸರಿಯಾಗಿ ಮುಚ್ಚುವುದಿಲ್ಲ. ಪ, ಬ, ಮ ಅನ್ನಲು ಹೋದರೆ ಬಲಗಡೆಯಿಂದ ಗಾಳಿ ಸೋರುತ್ತದೆ. ಅಪ್ಪ ಅನ್ನುವುದಕ್ಕೂ ಎರಡು ತುಟಿ ಕೂಡಬೇಕು. ಬರೆಯುವಾಗ ಆ ತೊಂದರೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಾಲಿ ಕೆಲಸ ಹೇಳದೆ ಬಿಟ್ಟೆ ಎಂದು ಬರೆದಿದ್ದೀ. ಮೊದಮೊದಲು ಮಕ್ಕಳು "ಟೀಚರ್, ನಿಮ್ಮ ಬಾಯಾಗ ಏನೈತ್ರಿ?" ಅನ್ನುತ್ತಿದ್ದವು. ಆಮೇಲೆ ನನ್ನ ಹಾಗೇ ಬಾಯಿ ಎಡಕ್ಕೆ ಎಳೆದು ಅ ಆ ಇ ಈ ಹೇಳತೊಡಗಿದವು. ಅಣಕಿಸುತ್ತಿರಲಿಲ್ಲ ಅಪ್ಪ, ಹಾಗೇ ಹೇಳಬೇಕು ಅಂದುಕೊಂಡಿದ್ದವು. ಅವತ್ತೇ ಬಿಟ್ಟೆ. ಇಲ್ಲಿ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು ಟೈಪ್ ಮಾಡುತ್ತೇನೆ. ಅದಕ್ಕೆ ಬೆರಳಿದ್ದರೆ ಸಾಕು.

ಬದನೆಕಾಯಿ ತಿಂದದ್ದು ಖರೆ. ಆದರೆ ನನ್ನ ಕೆನ್ನೆ ತಿಂದದ್ದು ಬದನೆಕಾಯಿ ಅಲ್ಲ. ಸಣ್ಣವಳಿದ್ದಾಗಿನಿಂದ ನನ್ನ ಬಲಗಿವಿ ಸೋರುತ್ತಿತ್ತು, ಅರಳೆ ಇಟ್ಟುಕೊಂಡು ಸಾಲಿಗೆ ಹೋಗುತ್ತಿದ್ದೆ. ಆ ಕಿವಿಯೊಳಗಿನ ರೋಗ ಎಲುಬು ತಿಂದು ಮುಖದ ನರಕ್ಕೆ ಬಾಯಿ ಹಾಕಿತ್ತು. ಬಾಯಿ ಸೊಟ್ಟಗಾದ ವಾರದಲ್ಲೇ ಬಂದಿದ್ದರೆ ನರ ಉಳಿಯುತ್ತಿತ್ತು ಎಂದರು ಇಲ್ಲಿಯ ಡಾಕ್ಟರು. ಆ ಅರವತ್ತಮೂರು ದಿನ ನಾನು ನಿನ್ನ ಅಂಗಳದಲ್ಲಿ ಕೂತಿದ್ದೆ. ಆ ಸೋರುವ ಕಿವಿಗೇ ನೀನು ರಸ ಬಿಟ್ಟೆ, ಪ್ರೀತಿ ಹೆಚ್ಚಾಗಿ ಮೂರು ಹನಿ.

ಉಳಿದವರ ಬಾಯಿ ನೆಟ್ಟಗಾಗುವುದು ನಿನ್ನ ಸೊಪ್ಪಿನಿಂದಲ್ಲ. ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಅದು ತಾನಾಗಿ ಬಿಟ್ಟುಹೋಗುತ್ತದಂತೆ. ಉಳಿದವರು ನನ್ನಂಥವರು.

ಈಗ ನನ್ನ ಕೆನ್ನೆಯ ಸ್ನಾಯು ಸತ್ತಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ಒಳಗಿನ ಸ್ನಾಯು ಒಂದನ್ನು ತೆಗೆದು ಕೆನ್ನೆಗೆ ಹೊಲಿಯುತ್ತಾರೆ. ಅಗಿಯುವಾಗ ಕೆಲಸ ಮಾಡುವ ನರಕ್ಕೆ ಅದನ್ನು ಜೋಡಿಸುತ್ತಾರೆ. ಕಣ್ಣು ಮುಚ್ಚಲಿ ಎಂದು ರೆಪ್ಪೆಯೊಳಗೆ ಒಂದು ಚೂರು ಚಿನ್ನ ಇಡುತ್ತಾರೆ. ನಮ್ಮ ಮನೆಯಲ್ಲಿ ಯಾರ ಕೊರಳಲ್ಲೂ ಇಲ್ಲದ ಚಿನ್ನ ನನ್ನ ಕಣ್ಣಲ್ಲಿರುತ್ತದೆ.

ನಿನ್ನನ್ನು ಒಂದೇ ಬೇಡುತ್ತೇನೆ. ಔಷಧ ಕೊಡುವುದನ್ನು ನಿಲ್ಲಿಸು. ಬಂದವರನ್ನು ಅವತ್ತೇ ದವಾಖಾನೆಗೆ ಕಳಿಸು. ಅಲ್ಲಿಯವರೆಗೆ ನಾನು ಊರಿಗೆ ಬರುವುದಿಲ್ಲ.

ಕೋಮಲಾ


ಚಿಗಟೇರಿ
7-8-2023

ಕೋಮಲಾಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಡಾಕ್ಟರು ಹೇಳಿದ್ದು ವೇದ, ಅಪ್ಪ ಹೇಳಿದ್ದು ಹರಟೆ. ಆಗಲಿ.

ಒಂದು ಮಾತು ತಿಳಿದುಕೋ. ನಿನಗೆ ಬುದ್ಧಿ ಬರುವ ಮುಂಚಿನ ಮಾತು. ಮೇಲಿನ ಓಣಿಯವರು ನಮ್ಮ ಕೇರಿಗೆ ಯಾವತ್ತು ಬಂದಿದ್ದರು? ಬಂದರೆ ದೂರ ನಿಂತು ಕೂಗುತ್ತಿದ್ದರು. ಈಗ ಭಾನುವಾರ ಬೆಳಿಗ್ಗೆ ನೋಡು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದ ಬರುತ್ತಾರೆ, ಬಾಗಳಿಯಿಂದ ನಡೆದು ಬರುವವರೂ ಇದ್ದಾರೆ. ನಮ್ಮಪ್ಪನಿಗೆ ಹೋಟೆಲಿನ ಹೊರಗೆ ನಿಲ್ಲಿಸಿ ಚಹಾ ಕೊಟ್ಟವನ ಮಗ ನನ್ನ ತೊಡೆ ಮೇಲೆ ತಲೆ ಇಟ್ಟು ಕಿವಿ ಕೊಡುತ್ತಾನೆ. ನನ್ನ ಕೈ ಅವನ ಗಲ್ಲ ಮುಟ್ಟುತ್ತದೆ. ಅವನು ಕಣ್ಣು ಮುಚ್ಚಿ ಮಲಗಿರುತ್ತಾನೆ. ನಿಮ್ಮಣ್ಣ ಓದಿ ನೌಕರಿ ಹಿಡಿದು ಪಡೆದ ಮರ್ಯಾದೆಯನ್ನು ನಾನು ಈ ಸೊಪ್ಪಿನಿಂದ ಪಡೆದೆ.

ಮೂವತ್ತನಾಲ್ಕು ವರ್ಷದಲ್ಲಿ ಒಂದು ತೆಂಗಿನಕಾಯಿ ಬಿಟ್ಟು ಏನೂ ಮುಟ್ಟಿಲ್ಲ. ಹೆಸರು ಕೇಳಿಲ್ಲ, ಊರು ಕೇಳಿಲ್ಲ. ಕೇಳಿದರೆ ಸೊಪ್ಪು ಫಲಿಸುವುದಿಲ್ಲ ಎಂದು ನಿಮ್ಮಜ್ಜಿ ಭರಮಮ್ಮ ಸಾಯುವ ಮುಂಚೆ ಆಣೆ ಮಾಡಿಸಿ ಕಲಿಸಿದ್ದು. ಬಂದವರಿಗೂ ಮೊದಲು ಅದನ್ನೇ ಹೇಳುತ್ತೇನೆ, "ಹೆಸರು ಹೇಳಬ್ಯಾಡ್ರಿ, ಊರು ಹೇಳಬ್ಯಾಡ್ರಿ." ಕಲ್ಲಿನಲ್ಲಿ ಸೊಪ್ಪು ಅರೆಯುವ ಯರ್ರೆಪ್ಪನಿಗೂ ಅದನ್ನೇ ಕಲಿಸಿದ್ದೇನೆ.

ಅಂಥದ್ದನ್ನು ಬಿಡು ಅನ್ನುತ್ತೀ. ಬಿಡುವುದಿಲ್ಲ. ತೊಡೆಯ ಮಾಂಸ ಕೆನ್ನೆಗೆ ಹೊಲಿದರೆ ನಗು ಬರುತ್ತದೆ ಎಂದು ನಂಬುವವಳು, ಸೊಪ್ಪನ್ನು ನಂಬುವವರಿಗೆ ಬುದ್ಧಿ ಹೇಳಬೇಡ.

ಕೊಟ್ರಬಸಪ್ಪ


ಬೆಂಗಳೂರು
2-12-2023

ಅಪ್ಪಾ,

ಆಪರೇಷನ್ ಆಗಿ ಹದಿನೈದು ದಿನ. ಬೆಳಿಗ್ಗೆ ಒಳಗೆ ಹೋದವಳನ್ನು ಸಂಜೆ ಹೊರಗೆ ತಂದರು. ಕ್ರಾಂತಿ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದನಂತೆ. ತೊಡೆಯಲ್ಲಿ ಒಂದು ಗೇಣು ಗಾಯ, ಕಿವಿಯ ಮುಂದೆ ಇನ್ನೊಂದು. ಕೆನ್ನೆ ಊದಿ ಕುಂಬಳಕಾಯಿ ಆಗಿದೆ, ಆದರೆ ಅಲುಗುವುದಿಲ್ಲ. ನರ ಬೆಳೆದು ಸ್ನಾಯುವಿಗೆ ಜೀವ ಬರಲು ತಿಂಗಳುಗಟ್ಟಲೆ ಬೇಕಂತೆ. ಬಾರದೆಯೂ ಇರಬಹುದು ಎಂದು ಮೊದಲೇ ಸಹಿ ಹಾಕಿಸಿಕೊಂಡಿದ್ದಾರೆ.

ನಾನು ಬರೆಯಲು ಕೂತದ್ದು ಅದಕ್ಕಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿ ಪಂಪಮ್ಮ ಎಂಬ ಹೆಂಗಸು ಇದ್ದಳು, ಕೂಡ್ಲಿಗಿ ಕಡೆಯವಳು. ಅವಳ ಬಾಯೂ ಸೊಟ್ಟ. ನಾನು ಕೇಳದೆಯೇ ಹೇಳಿದಳು: "ಚಿಗಟೇರಿ ಅಜ್ಜನ ಹಂತ್ಯಾಕ ಹೋಗಿದ್ನವ್ವಾ, ನಾಕು ಸಲ ಇಪ್ಪತ್ತೊಂದು ದಿನ ಮಾಡಿದ್ನಿ. ದೇವರಂಥ ಮನಷ್ಯಾ. ನನ್ನ ಹಣೇಬರಾನೇ ಸರಿ ಇರಲಿಲ್ಲ."

ಅವಳ ಕಿವಿಯ ಕೆಳಗೆ ಗಡ್ಡೆ ಇತ್ತು ಅಪ್ಪ. ನೀನು ರಸ ಬಿಡುವಾಗ ಅದು ಅಡಿಕೆಯಷ್ಟಿತ್ತಂತೆ. ಇಲ್ಲಿ ಬರುವಾಗ ನಿಂಬೆಹಣ್ಣು ಮೀರಿತ್ತು, ಕೊರಳಿಗೂ ಇಳಿದಿತ್ತು. ನಾನು ಯಾರ ಮಗಳು ಎಂದು ಹೇಳಲಿಲ್ಲ. ಅವಳು ನಿನಗೆ ಬೈಯಲಿ ಎಂದು ಎಂಟು ದಿನ ಕಾದೆ, ಬೈಯಲಿಲ್ಲ. ನಿನ್ನೆ ಅವಳನ್ನು ಊರಿಗೆ ಕರೆದುಕೊಂಡು ಹೋದರು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಹೋಗುವಾಗ ನನ್ನ ತಲೆ ಸವರಿ, "ನಿಂದರ ನೆಟ್ಟಗಾಗಲೆವ್ವಾ" ಅಂದಳು.

ಅವಳ ಹೆಸರು ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ.

ಕೋಮಲಾ


ಚಿಗಟೇರಿ
12-1-2024

ಯವ್ವಾ,

ನಿನ್ನೆ ಅಮಾವಾಸ್ಯೆ, ಭಾನುವಾರದ ಹಾಗೆ ಅವತ್ತೂ ಮಂದಿ ಬರುತ್ತಾರೆ. ಬಂದವರನ್ನೆಲ್ಲ ತಿರುಗಿ ಕಳಿಸಿದೆ. ಅರೆಯುವ ಕಲ್ಲನ್ನು ಬೋರಲು ಹಾಕಿದೆ.

ಆ ಹೆಂಗಸಿನ ಗಡ್ಡೆ ನನಗೆ ನೆನಪಿದೆ. ಬೆರಳಿಗೆ ಸಿಕ್ಕಿತ್ತು. "ಇದೇನವ್ವ" ಅಂದೆ, "ಸಣ್ಣಾಕಿದ್ದಾಗಿಂದ ಐತ್ರಿ" ಅಂದಳು, ಬಿಟ್ಟೆ.

ನಿನ್ನ ಕೆನ್ನೆ ಅಲುಗಿತೇ? ಅಷ್ಟು ತಿಳಿಸು. ಬೇರೇನೂ ಬೇಡ.

ನಿನ್ನಪ್ಪ


ದಾವಣಗೆರೆ
9-5-2024

ಅಪ್ಪಾ,

ಅಲುಗಿತು.

ನಿನ್ನೆ ಸಂಜೆ ಅಂಗಡಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದೆ. ಎದುರಿನ ಕಂಪ್ಯೂಟರ್ ಆರಿತ್ತು, ಕರಿ ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಕೆನ್ನೆಯಲ್ಲಿ ಇರುವೆ ಹರಿದ ಹಾಗೆ ಏನೋ ಎದ್ದು ಕೂತಿತು. ಮಂಡಕ್ಕಿ ಪೊಟ್ಟಣ ಕೈಬಿಟ್ಟು ಅತ್ತೆ. ನೀನು ಕಲ್ಲು ಬೋರಲು ಹಾಕಿದ್ದು ಓದಿದ ದಿನವೂ ಅತ್ತಿದ್ದೆ, ಬರೆದಿರಲಿಲ್ಲ.

ಇನ್ನೂ ದಿನಾ ಕನ್ನಡಿ ಮುಂದೆ ಅಭ್ಯಾಸ ಮಾಡಬೇಕು. ತುಟಿ ಗುಂಡಗೆ ಮಾಡುವುದು, ಊದುವುದು ಬರುವುದಿಲ್ಲ, ಅದು ಎಂದೂ ಬರಲಿಕ್ಕಿಲ್ಲ. ಇಷ್ಟು ಬಂದದ್ದೇ ದೊಡ್ಡದು. ದೀಪಾವಳಿ ಕಳೆದ ಮೇಲೆ ಊರಿಗೆ ಬರುತ್ತೇನೆ, ಯಾವ ದಿನ ಎಂದು ಈಗ ಹೇಳುವುದಿಲ್ಲ.

ನಿನ್ನ ಮಗಳು,
ಕೋಮಲಾ


ಚಿಗಟೇರಿ
14-11-2024

ನನ್ನ ಬಂಗಾರದಂಥ ಮಗಳೇ,

ಮೊನ್ನೆ ಭಾನುವಾರದಿಂದ ನನಗೆ ಹಸಿವಿಲ್ಲ, ನಿದ್ದೆಯಿಲ್ಲ, ಬರೀ ಖುಷಿ.

ನೀನು ಬಂದಾಗ ಅಂಗಳದ ತುಂಬ ಮಂದಿ. ನಿನ್ನನ್ನು ಕಂಡೊಡನೆ ಕಲ್ಲಿಗೆ ಅಡ್ಡ ನಿಂತೆ, ಬಿಟ್ಟೆ ಎಂದು ಬರೆದಿದ್ದೆನಲ್ಲ. ಸುಳ್ಳು ಹೇಳುವುದಿಲ್ಲ, ಎಂಟು ತಿಂಗಳು ಬಿಟ್ಟಿದ್ದೆ. ಎಂಟು ತಿಂಗಳು ನಮ್ಮ ಕೇರಿಗೆ ನರಪಿಳ್ಳೆಯೂ ಬರಲಿಲ್ಲ. "ಬಾ ಅಜ್ಜ, ಕೂಡು" ಅನ್ನುತ್ತಿದ್ದ ಹೋಟೆಲಿನವರು ಮುಖ ತಿರುಗಿಸಿದರು. ಆಮೇಲೆ ಮೇಲಿನ ಓಣಿಯ ಶಿವಯೋಗಪ್ಪನವರು ಸೊಸೆಯನ್ನು ಕರೆತಂದು, ನನ್ನ ಅಂಗಳದಲ್ಲಿ ನಿಂತು ನನಗೆ ಕೈ ಮುಗಿದರು. ನನಗೆ! ಕಲ್ಲನ್ನು ಮತ್ತೆ ಮೇಲ್ಮುಖ ಮಾಡಿದೆ.

ಏನು ಮಾಡಬೇಕೋ ತಿಳಿಯದೆ, ಕೈಯಲ್ಲಿದ್ದ ಹೊಟ್ಟನ್ನು ನಿನ್ನ ಅಂಗೈಗೆ ಹಾಕಿ "ಊದವ್ವಾ" ಅಂದೆ. ನೀನು ನನ್ನನ್ನೇ ನೋಡಿದೆ. ನೋಡುತ್ತಾ ನೋಡುತ್ತಾ ನಿನ್ನ ಬಲಗೆನ್ನೆ ಮೇಲೆದ್ದಿತು. ಮೂರು ವರ್ಷ ಸತ್ತು ಬಿದ್ದಿದ್ದ ಕೆನ್ನೆ! ನನ್ನನ್ನು ನೋಡಿ ನಕ್ಕೆ. ಕೈ ಕೊಡವಿದೆ, ಹೊಟ್ಟು ಹಾರಿತು. ಅಂಗಳದವರೆಲ್ಲ ಹೋ ಅಂದರು. ನೀನು ನಾಚಿಕೊಂಡು ಬಸ್ಸಿಗೆ ಓಡಿದೆ. ಒಂದು ತುತ್ತು ಉಂಡು ಹೋಗಬಾರದಿತ್ತೇ?

ಮಂದಿ ಏನನ್ನುತ್ತಾರೆ ಗೊತ್ತೇ? "ಅಜ್ಜನ ಸೊಪ್ಪು ಮೂರು ವರ್ಷದ ಮ್ಯಾಲೂ ಹಿಡೀತು, ಮಗಳ ಬಾಯಿ ನೆಟ್ಟಗಾತು." ಬೆಂಗಳೂರಿನ ಆಪರೇಷನ್ ಎಂದು ಒಬ್ಬಿಬ್ಬರಿಗೆ ಹೇಳಿದೆ. "ಅವರೇನು, ಕೊಯ್ದು ಹೊಲಿತಾರ, ನಗು ತರಾಕ ಆಗತೈತೇನು?" ಅಂದರು. ನಾನೂ ಸುಮ್ಮನಾದೆ. ನೀನು ನಕ್ಕೆಯಲ್ಲ, ಇನ್ನು ಯಾರು ಏನಂದರೆ ಏನು. ನನ್ನನ್ನು ಕ್ಷಮಿಸಿದೆ ಎಂದು ತಿಳಿದುಕೊಂಡಿದ್ದೇನೆ.

ನಿನ್ನ ಪ್ರೀತಿಯ
ಅಪ್ಪ


ದಾವಣಗೆರೆ
20-11-2024

ಅಪ್ಪಾ,

ನಾನು ನಗಲಿಲ್ಲ.

ಮೊದಲ ಕಾಗದದಲ್ಲೇ ಬರೆದಿದ್ದೆ, ಅಗಿಯುವ ನರಕ್ಕೆ ಜೋಡಿಸುತ್ತಾರೆ ಎಂದು. ನೀನು ಬೇಕಾದ್ದನ್ನು ಮಾತ್ರ ಓದುತ್ತೀ. ನಾನು ಹಲ್ಲು ಕಚ್ಚಿದರೆ ಆ ಕೆನ್ನೆ ಏಳುತ್ತದೆ. ರೊಟ್ಟಿ ಅಗಿದರೂ ಏಳುತ್ತದೆ, ಸಿಟ್ಟಿನಲ್ಲಿ ಹಲ್ಲು ಕಡಿದರೂ ಏಳುತ್ತದೆ. ನೀನು ನನ್ನ ಎಡಗೆನ್ನೆ ನೋಡಬೇಕಿತ್ತು. ಹುಟ್ಟಿದಾಗಿನಿಂದ ನನ್ನದಾಗಿರುವ ಕೆನ್ನೆ ಅದು. ಅದು ನಗುತ್ತಿತ್ತೇ? ಅವತ್ತು ನಿನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಈ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಅದನ್ನು ನೀನು ನಗು ಅಂದುಕೊಂಡೆ. ಊರಿಗೆ ಊರೇ ಅಂದುಕೊಂಡಿತು.

ಅದು ಹೋಗಲಿ. ಕಟ್ಟೆಯ ಹತ್ತಿರ ನೀಲಿ ಸ್ವೆಟರಿನ ಹುಡುಗಿ ಕೂತಿದ್ದಳಲ್ಲ, ಏಳೆಂಟು ವರ್ಷದವಳು, ತಾಯಿಯ ಸೆರಗು ಹಿಡಿದು. ಅವಳ ಎಡಗಿವಿಯಲ್ಲಿ ಅರಳೆ ಇತ್ತು. ನೀನು ರಸ ಬಿಡಲು ಆ ಅರಳೆಯನ್ನು ತೆಗೆದು ಬಿಸಾಕಿದೆ, ಅದು ಹಳದಿಯಾಗಿತ್ತು. ನಾನು ನೋಡಿದೆ. ಅವಳ ತಾಯಿಗೆ "ಇವತ್ತೇ ದವಾಖಾನೆಗೆ ಕರಕೊಂಡು ಹೋಗ್ರಿ" ಅನ್ನಬೇಕಿತ್ತು. ಬಾಯಿ ತೆರೆದರೆ ತೊದಲುತ್ತೇನೆ, ಅಷ್ಟು ಮಂದಿ ನನ್ನನ್ನೇ ನೋಡುತ್ತಿದ್ದರು, ನಾಚಿಕೆಯಾಗಿ ಓಡಿದೆ. ಆಮೇಲೆ ಹತ್ತು ದಿನ ಸುಮ್ಮನಿದ್ದೆ. ಇದು ನನ್ನ ತಪ್ಪು, ನಿನ್ನದಲ್ಲ.

ಅವಳನ್ನು ಹುಡುಕು ಅಪ್ಪ. ಅವಳ ನರ ಇನ್ನೂ ಉಳಿದಿರಬಹುದು. ನನಗೆ ಮಾಡಿದ್ದಕ್ಕೆ ಏನಾದರೂ ಮಾಡಬೇಕು ಎಂದು ನಿನಗೆ ಅನ್ನಿಸಿದರೆ, ಇಷ್ಟು ಮಾಡು.

ಕೋಮಲಾ


ಚಿಗಟೇರಿ
4-12-2024

ಯವ್ವಾ,

ನಿನ್ನ ಕಾಗದ ಬಂದ ದಿನವೇ ಹೊರಟೆ. ಎಲ್ಲಿಗೆಂದು ಹೋಗಲಿ? ಹೆಸರು ಕೇಳಿಲ್ಲ, ಊರು ಕೇಳಿಲ್ಲ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ಕೂತು ಬಂದ ಬಸ್ಸಿಗೆಲ್ಲ ಇಣುಕಿದೆ. ಬಾಗಳಿಗೆ ಹೋದೆ, ಹಗರಿಬೊಮ್ಮನಹಳ್ಳಿ ಸಂತೆಗೆ ಹೋದೆ. "ನೀಲಿ ಸ್ವೆಟರ್ ಹುಡುಗಿ" ಅಂದರೆ ನಗುತ್ತಾರೆ. ಈ ಚಳಿಯಲ್ಲಿ ಸಾಲಿ ಹುಡುಗಿಯರೆಲ್ಲ ನೀಲಿ ಸ್ವೆಟರೇ. ಇಪ್ಪತ್ತೊಂದು ದಿನಕ್ಕೆ ಹೊಟ್ಟು ಊದಲು ಬಂದೇ ಬರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಮೊನ್ನೆ ಭಾನುವಾರ ಬಂದರು. ಮಗುವಿನ ಬಾಯಿ ಬಲಕ್ಕೆ ಇನ್ನಷ್ಟು ಎಳೆದಿತ್ತು. ಊದಿತು, ಹೊಟ್ಟು ಕೈಯಲ್ಲೇ ಇತ್ತು. ನಾನು ಅವರವ್ವನ ಕಾಲ ಬಳಿ ಕೂತು ಹೇಳಿದೆ: "ತಂಗೀ, ನನ್ನ ಸೊಪ್ಪಿನಾಗ ಏನೂ ಇಲ್ಲ. ನನ್ನ ಮಗಳ ಮುಖಾ ನಾನೇ ಕೆಡಿಸೀನಿ. ಈ ಕೂಸಿನ ಕಿವಿ ಕೊಳೀತೈತಿ, ಈಗ್ಲೇ ದಾವಣಗೆರಿಗೆ ನಡಿ, ನಾನೂ ಬರ್ತೀನಿ."

ಅವಳು ನಂಬಲಿಲ್ಲ. "ಹಂಗ ಅನಬ್ಯಾಡಜ್ಜಾ. ನಿನ ಮಗಳ ಬಾಯಿ ನೆಟ್ಟಗಾಗಿ ನಕ್ಕಿದ್ದು ನನ್ನ ಕಣ್ಣಿಲೇ ನೋಡೀನಿ. ನಿನ ಮಗಳಿಗೆ ಮೂರು ಸಲ ಮಾಡಿದೆಯಂತ, ನನ ಮಗಳಿಗೆ ಎರಡನೇದಕ್ಕ ಒಲ್ಲೆ ಅಂತೀಯಾ?" ಎಂದು ಅತ್ತಳು. ನಾನು ಕೊಡಲಿಲ್ಲ. ಕಲ್ಲನ್ನು ಅವಳ ಎದುರಿಗೇ ಬಾವಿಗೆ ಹಾಕಿದೆ. ಅವಳು ಮಗುವನ್ನು ಎತ್ತಿಕೊಂಡು ಹೊರಟಳು. ನಾನು ಹಿಂದೆ ಓಡಿ, "ನಿನ ಹೆಸರೇನವ್ವಾ, ಯಾ ಊರು?" ಎಂದು ಕೇಳಿದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದೆ.

ಅವಳು ಗಾಬರಿಯಾಗಿ ಮಗುವಿನ ಬಾಯಿ ಮುಚ್ಚಿದಳು. "ಹೆಸರು ಕೇಳಬಾರದಲ್ಲಜ್ಜಾ, ಔಷಧ ಫಲಸೂದಿಲ್ಲ" ಅಂದಳು.

ಈಗ ಯರ್ರೆಪ್ಪ ಹಿಂದಿನ ಓಣಿಯಲ್ಲಿ ತಾನೇ ಕೊಡುತ್ತಿದ್ದಾನೆ. ಮುದುಕನಿಗೆ ತಲೆ ಕೆಟ್ಟಿದೆ, ವಿದ್ಯೆ ನನಗೆ ಬಂದಿದೆ ಅನ್ನುತ್ತಾನೆ. ಅವಳು ಅಲ್ಲಿಗೇ ಹೋಗಿ ರಸ ಹಾಕಿಸಿದಳಂತೆ. ಈಗ ಭಾನುವಾರ ಭಾನುವಾರ ಬಾ ಎಂದಿದ್ದಾನಂತೆ. ಅವನ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ನಿನ್ನ ನಗು ನೋಡಿದವರು ನನ್ನ ಮಾತು ಯಾಕೆ ಕೇಳುತ್ತಾರೆ?

ಮಾಡಿದ್ದುಣ್ಣೋ ಮಹಾರಾಯ. ನಾನು ಉಣ್ಣುತ್ತೇನೆ, ಅದರ ಚಿಂತೆಯಿಲ್ಲ. ಆ ಕೂಸು ಉಣ್ಣಬೇಕಾಗಿದೆಯಲ್ಲ.

ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ.

ಕೊಟ್ರಬಸಪ್ಪ


ದಾವಣಗೆರೆ
9-12-2024

ಅಪ್ಪಾ,

ಬರುವ ಭಾನುವಾರ, ಹದಿನೈದನೇ ತಾರೀಖು, ಮೊದಲ ಬಸ್ಸಿಗೆ ಬರುತ್ತೇನೆ. ಕ್ರಾಂತಿಯೂ ಬರುತ್ತಾನೆ, ಗಾಡಿ ಮಾಡಿಕೊಂಡು ಬರಲು ಹೇಳಿದ್ದೇನೆ. ಆ ಹುಡುಗಿ ಬಂದಿದ್ದರೆ ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬರದಿದ್ದರೆ ಅದರ ಮುಂದಿನ ಭಾನುವಾರವೂ ಬರುತ್ತೇನೆ.

ನನಗೆ ಮಾತಾಡಲು ಬರುವುದಿಲ್ಲ, ಅಷ್ಟು ಮಂದಿಯ ಮುಂದೆ ತೊದಲಲಾರೆ. ಅದಕ್ಕೆ ನೀನು ಒಂದು ಕೆಲಸ ಮಾಡು. ನಮ್ಮ ಮನೆಯ ನವಣೆ ಹೊಟ್ಟು ಒಂದು ಹಿಡಿ ತೆಗೆದಿಟ್ಟಿರು. ಯರ್ರೆಪ್ಪನ ಅಂಗಳದಲ್ಲಿ, ಎಲ್ಲರ ಎದುರಿಗೆ, ನೀನೇ ನನ್ನ ಅಂಗೈಗೆ ಹಾಕು. ಈ ಸಲ ಕೈ ಕೊಡವುವುದಿಲ್ಲ, ಅಲುಗಾಡದೆ ಹಿಡಿದಿರುತ್ತೇನೆ. ನೀನು ಊದು ಅನ್ನು, ಇರುವಷ್ಟು ಉಸಿರು ಹಾಕಿ ಊದುತ್ತೇನೆ. ಎಲ್ಲರೂ ಹತ್ತಿರ ಬಂದು ನೋಡಲಿ.

ಹಾರುವುದಿಲ್ಲ.

ನಿನ್ನ ಮಗಳು,
ಕೋಮಲಾ